ಕೊಂಡಿಯ ಮೇಲಿನ ಸಿಂಧೂರ

ಅಫಜಲಪುರದ ಹತ್ತಿ ಗಿರಣಿಯಲ್ಲಿ ಮಾಳಿಂಗಪ್ಪ ಡ್ರೈವರನೂ ಹೌದು, ಮಿಸ್ತ್ರಿಯೂ ಹೌದು. ಅವನು ಹುಟ್ಟಿದ್ದು ಆಳಂದ ಕಡೆಯ ಒಂದು ಹಳ್ಳಿಯಲ್ಲಿ, ಕುರಿ ಕಾಯುವವರ ಮನೆಯಲ್ಲಿ. ಹದಿನಾರನೆಯ ವಯಸ್ಸಿಗೆ ಸೋಲಾಪುರಕ್ಕೆ ಹೋಗಿ ಒಂದು ಮೋಟಾರು ಕಾರ್ಖಾನೆ ಸೇರಿದ. ಹತ್ತು ವರ್ಷ ಅಲ್ಲಿ ಎಣ್ಣೆ ಮಸಿಯಲ್ಲಿ ಹೊರಳಾಡಿ, ಕೆಲಸ ಕಲಿತು, ತನ್ನ ಸೀಮೆಗೆ ಮರಳಿದ. ಅಕ್ಷರ ಬರುತ್ತಿರಲಿಲ್ಲ. ಆದರೆ ಕೆಟ್ಟು ನಿಂತ ಗಾಡಿಯ ಸುತ್ತ ಎರಡು ಸುತ್ತು ಬಂದು, ಕಿವಿಗೊಟ್ಟು ಕೇಳಿ, ಕೈ ಇಟ್ಟನೆಂದರೆ ಆ ಕೈ ಕೆಟ್ಟ ಜಾಗದ ಮೇಲೆಯೇ ಬೀಳುತ್ತಿತ್ತು. "ಮರತೆ" ಅನ್ನುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. "ಕಬ್ಬಿಣ ಮರೀಯೂದಿಲ್ಲೋ, ಮನಷಾ ಯಾಕ ಮರೀಬೇಕು?" ಎಂದು ಬೈಯುತ್ತಿದ್ದ.

ಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ಬರ ಬಂತು. ಎರಡು ಸಲ ಹೋಗುವ ಹತ್ತಿಯನ್ನು ಒಂದೇ ಸಲಕ್ಕೆ ಸಾಗಿಸಬೇಕೆಂದು ಗಿರಣಿಯ ಸಾಹುಕಾರರು ಲಾರಿಯ ಹಿಂದೆ ಕಟ್ಟಲು ಎರಡು ಗಾಲಿಯ ಟ್ರೇಲರ್ ತರಿಸಿದರು. ಲಾರಿಗೆ ಒಂದು ಕಬ್ಬಿಣದ ಕೊಂಡಿ, ಟ್ರೇಲರಿಗೆ ಒಂದು ಬಳೆ. ಬಳೆಯನ್ನು ಕೊಂಡಿಗೆ ಸಿಕ್ಕಿಸಿದರೆ ಆಯಿತು. ಟ್ರೇಲರಿನ ಬೆನ್ನಿಗೆ ಒಂದು ಕೆಂಪು ದೀಪ. ಅದಕ್ಕೆ ಲಾರಿಯ ಬ್ಯಾಟರಿಯಿಂದ ಒಂದೇ ತಂತಿ.

"ಒಂದ ತಂತಿ ಮ್ಯಾಲ ದೀಪ ಹ್ಯಾಂಗ ಹತ್ತತೈತಿ ಮಿಸ್ತ್ರಿ?" ಎಂದು ಅವನ ಜೊತೆ ತಿರುಗುವ ಹಮಾಲ ಖಂಡಪ್ಪ ಕೇಳಿದ್ದ.

"ತಂತಿ ಹಿಡಕೊಂಡು ಹೋಗತೈತಿ, ಕಬ್ಬಿಣ ಹಿಡಕೊಂಡು ತಿರುಗಿ ಬರತೈತಿ. ಬಳಿ ಕೊಂಡಿಗಿ ಹತ್ತೇತಲ್ಲ, ಅದ ಅದರ ಹಾದಿ."

"ನಮ್ಮಂಗ ಅನ್ನು. ಹೋಗೂವಾಗ ಒಂದು ಹಾದಿ, ಹೆಂಡತಿ ಕಣ್ಣ ತಪ್ಪಿಸಿ ಬರೂವಾಗ ಒಂದು ಹಾದಿ."

ಟ್ರೇಲರ್ ಬಂದ ದಿನ ಮಾಳಿಂಗಪ್ಪನ ಹೆಂಡತಿ ನಿಂಬೆವ್ವ ಅದನ್ನು ನೋಡಿ ಹೆದರಿದಳು. ಅಷ್ಟು ಭಾರ, ಒಂದು ಕೊಂಡಿಯ ಮೇಲೆ! ಅದು ಕಳಚಿದರೆ ಗತಿ ಏನು? ಘತ್ತರಗಿಯ ಭಾಗ್ಯವಂತಿ ದೇವಿಗೆ ಹರಕೆ ಹೊತ್ತಳು. ಅಂದಿನಿಂದ ಪ್ರತಿ ಅಮಾವಾಸ್ಯೆ ಮಿಂದು ಮಡಿಯುಟ್ಟು ಗಿರಣಿಯ ಅಂಗಳಕ್ಕೆ ಬರುವಳು. ಬಟ್ಟಲಲ್ಲಿ ಸಿಂಧೂರವನ್ನು ಅಗಸೆ ಎಣ್ಣೆಯಲ್ಲಿ ಕಲಸಿ ತಂದಿರುವಳು. ಬಳೆಯನ್ನು ಬಿಚ್ಚಿಸಿ, ಕೊಂಡಿಗೂ ಬಳೆಗೂ ಸುತ್ತ ದಪ್ಪನಾಗಿ ಬಳಿದು, ಊದುಬತ್ತಿ ಬೆಳಗಿ, "ತಾಯಿ, ಎರಡನ್ನೂ ಕೂಡಿಸಿ ಇಡು" ಎಂದು ಕೈಮುಗಿಯುವಳು. ಮಾಳಿಂಗಪ್ಪ ಪಕ್ಕದಲ್ಲಿ ರುಮಾಲು ತೆಗೆದು ನಿಲ್ಲುವನು. ಅಗಸೆ ಎಣ್ಣೆ ಒಣಗಿದರೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ತಿಂಗಳು ಕಳೆದಂತೆ ಪದರಿನ ಮೇಲೆ ಪದರು ಕೂತಿತು.

ನಾಲ್ಕನೆಯ ತಿಂಗಳಿಗೆ ಹಿಂದಿನ ದೀಪ ಕಾಡತೊಡಗಿತು. ಒಮ್ಮೆ ಹತ್ತುವುದು, ಒಮ್ಮೆ ಆರುವುದು.

"ಮಿಸ್ತ್ರಿ, ನಿನ್ನ ಗಾಡಿ ಹಿಂದ ಬರಾವ್ರಿಗೆ ಕಣ್ಣ ಹೊಡಿಯಾಕತ್ತೈತಿ," ಎಂದು ಖಂಡಪ್ಪ ನಕ್ಕ. "ಲಗ್ನಾ ಮಾಡಿಬಿಡು ಅದಕ್ಕ."

ಮಾಳಿಂಗಪ್ಪನಿಗೆ ನಗು ಬರಲಿಲ್ಲ. ಬಲ್ಬು ಬಿಚ್ಚಿ ನೇರ ಬ್ಯಾಟರಿಗೆ ಹಿಡಿದ, ಉರಿಯಿತು. ತಂತಿಯನ್ನು ಮೊದಲಿನಿಂದ ಕೊನೆಯವರೆಗೆ ಬೆರಳಲ್ಲಿ ಸವರಿ ನೋಡಿದ, ಎಲ್ಲಿಯೂ ಹರಿದಿರಲಿಲ್ಲ. ತಂತಿಯ ತುದಿಗೆ ಸಣ್ಣ ಬಲ್ಬು ಕಟ್ಟಿ, ಅದರ ಇನ್ನೊಂದು ತುದಿಯನ್ನು ಲಾರಿಯ ಕಬ್ಬಿಣಕ್ಕೆ ಮುಟ್ಟಿಸಿದ, ಅದೂ ಉರಿಯಿತು. ಸ್ವಿಚ್ಚು ಬಿಚ್ಚಿ ಒರೆಸಿದ. ದೀಪದ ಮನೆಯ ತುಕ್ಕನ್ನು ಚಾಕುವಿನಿಂದ ಕೆರೆದು ಬೆಳ್ಳಗೆ ಮಾಡಿದ. ಉಳಿದದ್ದು ಒಂದೇ ಜಾಗ: ಒಣಗಿದ ಸಿಂಧೂರ ಕಬ್ಬಿಣಕ್ಕೆ ಕಬ್ಬಿಣ ತಾಗಗೊಡದ ಕೊಂಡಿ.

ಚಾಕು ಹಿಡಿದು ಕೊಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಸಿಂಧೂರ ಬಿಸಿಲಿಗೆ ಹೊಳೆಯುತ್ತಿತ್ತು. ನಿಂಬೆವ್ವನ ಬೆರಳಿನ ಗುರುತು ಅದರಲ್ಲಿ ಹಾಗೆಯೇ ಮೂಡಿತ್ತು. ಕೈ ಮುಂದಕ್ಕೆ ಹೋಯಿತು. ಹೋದ ಕೈ ಹಿಂದಕ್ಕೆ ಬಂತು. ದೇವಿಯ ಹೆಸರಿನಲ್ಲಿ ಬಳಿದದ್ದನ್ನು ಚಾಕುವಿನಿಂದ ಕೆರೆಯುವುದು ಹೇಗೆ? ಟ್ರೇಲರಿನ ಭಾರಕ್ಕೆ ಬಳೆ ಕೊಂಡಿಯನ್ನು ಒತ್ತಿ ಹಿಡಿದೇ ಇರುತ್ತದೆ, ಹಾದಿ ಸಿಕ್ಕೇ ಸಿಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ. ಲಾರಿಯಿಂದ ಟ್ರೇಲರನ್ನು ಎರಡು ಮಾರು ಎಳೆಸಿ ನೋಡಿದ. ಬಳೆ ಬಿಗಿಯಾಗಿ ತಿಕ್ಕಿತು, ದೀಪ ಹತ್ತಿತು. ಚಾಕುವನ್ನು ಕಿಸೆಗೆ ಹಾಕಿ ಎದ್ದ.

ಮಾಘ ಮಾಸದ ಒಂದು ಸಂಜೆ. ಹತ್ತಿಯ ಗಂಟು ಹೇರಿಕೊಂಡು ಗುಲಬರ್ಗಾ ಕಡೆ ಹೊರಟಿದ್ದರು. ಹೊತ್ತು ಮುಳುಗುವ ಮುಂಚೆಯೇ ಮಾಳಿಂಗಪ್ಪ ಸ್ವಿಚ್ಚು ಒತ್ತಿದ್ದ. ಊರ ಹೊರಗಿನ ನಾಕಾದಲ್ಲಿ ಖಂಡಪ್ಪ ಇಳಿದು ಹಿಂದೆ ಹೋಗಿ ನೋಡಿ, "ಉರಿಯಾಕತ್ತೈತಿ, ಹೊಡಿ" ಎಂದ. ಚೌಡಾಪುರ ಇನ್ನೂ ಎರಡು ಮೈಲು ಇದೆ ಅನ್ನುವಾಗ, ಏರು ಹತ್ತಿ ಬಂದ ಗಾಡಿಯ ಇಂಜಿನಿನ ನೀರು ಇಳಿಜಾರಿನಲ್ಲಿ ಕುದಿಯಿತು. ಗಾಡಿ ನಿಲ್ಲಿಸಿದರು. ಖಂಡಪ್ಪ ಡಬ್ಬಿ ಹಿಡಿದು ಹೊಲದ ಬಾವಿಗೆ ಹೋದ. ಮಾಳಿಂಗಪ್ಪ ಮುಂದೆ ಬಾನೆಟ್ಟು ಎತ್ತಿ ನಿಂತ. ಇಳಿಜಾರಿನಲ್ಲಿ ಟ್ರೇಲರ್ ಮುಂದಕ್ಕೆ ಜಗ್ಗಿ, ಬಳೆ ಸಡಿಲಾಗಿ, ಕೊಂಡಿಯಲ್ಲಿ ತಿಕ್ಕಿ ಸವೆಯದ, ಸಿಂಧೂರ ದಪ್ಪಗಿದ್ದ ಬದಿಗೆ ಸರಿದು ಕೂತದ್ದು ಅವನಿಗೆ ಕಾಣಲಿಲ್ಲ. ಹಿಂದೆ ದೀಪ ಆರಿದ್ದೂ ಕಾಣಲಿಲ್ಲ.

ಮಬ್ಬುಗತ್ತಲೆಯಲ್ಲಿ, ಇಳಿಜಾರಿನ ಮೇಲಿಂದ ಸೈಕಲ್ಲಿನಲ್ಲಿ ಇಳಿದು ಬರುತ್ತಿದ್ದವನು ರೇವಣಪ್ಪ, ನಿಂಬೆವ್ವನ ತಮ್ಮ. ದಾರಿಯ ನಡುವಿನ ಹಳ್ಳಿಯ ಸಂತೆಯಲ್ಲಿ ಕಂಬಳಿ ಮಾರಿ ಚೌಡಾಪುರದ ತನ್ನ ಕೋಣೆಗೆ ಹೊರಟಿದ್ದ. ತಾಯಿ ಸತ್ತಾಗ ಅವನಿಗೆ ಮೂರು ವರ್ಷ. ಅಕ್ಕ ಕಂಕುಳಲ್ಲಿ ಹೊತ್ತು ಬೆಳೆಸಿದ್ದಳು.

ಸೈಕಲ್ಲು ಟ್ರೇಲರಿನ ಬೆನ್ನಿಗೆ ಬಡಿದ ಸದ್ದು ಕೇಳಿ ಮಾಳಿಂಗಪ್ಪ ಓಡಿ ಹೋದ. ಮಾತಾಡಿಸಿದ. ಮುಖ ತಿರುಗಿಸಿ ನೋಡಿದ ಮೇಲೆ ಯಾರೆಂದು ತಿಳಿಯಿತು. ಖಂಡಪ್ಪ ತಂದ ನೀರು ಸಾಯುವವನ ಬಾಯಿಗೆ ಬಿಡಲು ಮಾತ್ರ ಬೇಕಾಯಿತು.

ಮರುದಿನ ಮುಂಜಾನೆ ಗಾಡಿಯನ್ನು ಅಂಗಳಕ್ಕೆ ತಂದರು. ರೇವಣಪ್ಪನ ಮಣ್ಣು ಮುಗಿಸಿ ಬಂದ ಮಾಳಿಂಗಪ್ಪ, ಮೀಯದೆಯೇ ಟ್ರೇಲರಿನ ಬಳಿ ಹೋದ. ಸ್ವಿಚ್ಚು ಒತ್ತಿದ. ದೀಪ ಹತ್ತಲಿಲ್ಲ. ಒಂದು ತುಂಡು ತಂತಿ ತೆಗೆದುಕೊಂಡು ಅದರ ಒಂದು ತುದಿಯನ್ನು ಲಾರಿಯ ಕಬ್ಬಿಣಕ್ಕೆ, ಇನ್ನೊಂದನ್ನು ಟ್ರೇಲರಿನ ಕಬ್ಬಿಣಕ್ಕೆ ಒತ್ತಿ ಹಿಡಿದ. ದೀಪ ಕೆಂಪಗೆ ಉರಿಯಿತು. ತಂತಿ ಎತ್ತಿದ, ಆರಿತು. ಮತ್ತೆ ಮುಟ್ಟಿಸಿದ, ಉರಿಯಿತು. ಹೀಗೆ ಎಷ್ಟು ಸಲ ಮಾಡಿದನೋ.

ಆಮೇಲೆ ಚಾಕು ತೆಗೆದು ಕೊಂಡಿಯನ್ನೂ ಬಳೆಯನ್ನೂ ಕೆರೆದ. ಉದುರಿದ ಸಿಂಧೂರವನ್ನು ನೆಲಕ್ಕೆ ಬೀಳಗೊಡದೆ ರುಮಾಲಿನ ಸೆರಗಿನಲ್ಲಿ ಕಟ್ಟಿಕೊಂಡು, ನಡೆದೇ ಹೋಗಿ ಭೀಮೆಯ ನೀರಿಗೆ ಬಿಟ್ಟು ಬಂದ.

ಪೊಲೀಸ್ ಅಮೀನ ಸಾಹೇಬರು ವಿಚಾರಣೆಗೆ ಮನೆಗೆ ಬಂದರು. "ಬತ್ತಿ ಯಾಕ ಹಚ್ಚಲಿಲ್ಲ, ಮಿಸ್ತ್ರಿ?"

"ಮರತೆ ಸಾಹೇಬ್ರ."

"ಏ, ನೀ ಹಚ್ಚಿದ್ದಿ ಅಲ್ಲೋ!" ಖಂಡಪ್ಪ ಕೂಗಿಕೊಂಡ. "ನಾಕಾದಾಗ ನಾನ ನೋಡೀನ್ರಿ, ನನ್ನ ಈ ಕಣ್ಣಲೆ!"

"ನೀ ನೋಡಿದ್ದು ಹಿಂದಿನ ಸರ್ತಿ, ಖಂಡಪ್ಪ. ಸುಮ್ಮಕಿರು," ಎಂದ ಮಾಳಿಂಗಪ್ಪ. "ಕಸೂರ ನಂದ ಐತ್ರಿ. ಬರಕೊಳ್ರಿ."

ಬಾಗಿಲ ಮರೆಯಲ್ಲಿ ನಿಂತಿದ್ದ ನಿಂಬೆವ್ವ ಇದನ್ನು ಕೇಳಿದಳು. "ಮರತ್ರಿ?" ಎಂದಳು. "ಮಂದೀಗೆಲ್ಲ ಮರೀಬ್ಯಾಡ್ರಿ ಅಂತ ಬೈತಿದ್ರಿ. ನನ್ನ ತಮ್ಮ ಬರೂ ದಿನಾನ ಮರತ್ರಿ?" ಅಷ್ಟೇ. ಆಮೇಲೆ ಅವನೊಂದಿಗೆ ಮಾತು ಬಿಟ್ಟಳು. ಅವನಿಗೆ ಆರು ತಿಂಗಳ ಸಜೆಯಾಯಿತು, ಲೈಸನ್ಸು ಹೋಯಿತು. ಅವಳು ಜೇವರಗಿ ಕಡೆಯ ತವರಿಗೆ ಹೋದಳು.

ಸಜೆ ಮುಗಿಸಿ ಬಂದವನು ಒಬ್ಬನೇ ರೊಟ್ಟಿ ಬಡಿದುಕೊಂಡು, ಗಿರಣಿಯ ಮೂಲೆಯಲ್ಲಿ ನಟ್ಟು ಬೋಲ್ಟು ತಿಕ್ಕುತ್ತ ಎರಡು ವರ್ಷ ಕಳೆದ. ನೆರೆಯ ಖಾಸೀಂಬಿ ಒಮ್ಮೊಮ್ಮೆ ಪಲ್ಯ ತಂದಿಟ್ಟು, "ಹೋಗಿ ಕರಕೊಂಡು ಬಾರಪ್ಪ. ಹೆಣ್ಣುಮಗಳು ತಾನಾಗಿ ಬರ್ತಾಳೇನು?" ಅನ್ನುವಳು. "ಏನ ಹೇಳಿ ಕರೀಲಿ, ಆಯಿ?" ಅನ್ನುವನು. ಖರೆ ಹೇಳಿದರೆ ಅವಳು ಅಂದೇ ಬಾವಿ ನೋಡಿಕೊಳ್ಳುತ್ತಾಳೆ. ಹೇಳದಿದ್ದರೆ ಮರಳಿ ಬರುವುದಿಲ್ಲ. ಯಾವ ಗಾಡಿಯ ಎದುರೂ ಅವನು ಹೀಗೆ ದಿಕ್ಕುಗೆಟ್ಟು ಕೂತವನಲ್ಲ.

ಒಂದು ಅಮಾವಾಸ್ಯೆಯ ದಿನ ಘತ್ತರಗಿಯಿಂದ ನಿಂಬೆವ್ವ ಹೇಳಿಕಳಿಸಿದಳು, ಬಾ ಎಂದು. ಹೋದ. ಗುಡಿಯ ಮೆಟ್ಟಿಲ ಮೇಲೆ ಕೂತಿದ್ದಳು. ಇಳಿದುಹೋಗಿದ್ದಳು.

"ಖಂಡಪ್ಪಣ್ಣ ಬಂದಿದ್ದ," ಎಂದಳು. "ಅವತ್ತ ನಾಕಾದಾಗ ದೀಪ ಉರಿಯಾಕತ್ತಿತ್ತು ಅಂತ ಆಣಿ ಮಾಡಿ ಹೇಳ್ದ. ಉರಿಯೂ ದೀಪ ಯಾಕ ಆರಿತು? ತಾಯಿ ಮುಂದ ನಿಂತು ಖರೆ ಹೇಳ್ರಿ."

ಒಳಗೆ ದೇವಿ ಇದ್ದಳು. ಮಾಳಿಂಗಪ್ಪ ಹೊಸ್ತಿಲಿಗೆ ಕೈ ಹಚ್ಚಿದ. ಸುಳ್ಳು ಹೇಳಲು ಆ ಜಾಗದಲ್ಲಿ ಅವನಿಗೆ ಧೈರ್ಯವಿರಲಿಲ್ಲ. ಖರೆ ಹೇಳಲೂ ಇರಲಿಲ್ಲ.

"ಒಂದು ಸಂದಿಯೊಳಗ ತಂತಿ ಹಾದಿ ಕಟ್ಟಿಕೊಂಡಿತ್ತು," ಎಂದ. "ಕೆರೀಬೇಕಾಗಿತ್ತು. ಚಾಕು ಹಿಡಕೊಂಡು ಹೋಗಿ ಮುಂದ ಕುಂತೆ. ಕೆರೀಲಿಲ್ಲ, ಎದ್ದು ಬಂದೆ. ತಪ್ಪು ನಂದು. ಈ ಕೈದು."

"ಯಾಕ ಕೆರೀಲಿಲ್ಲ?"

"ನಂಗ ಆಗಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, ಇಷ್ಟು ದಿನ ಯಾರನ್ನೂ ಕೇಳದೆ ಇಟ್ಟುಕೊಂಡಿದ್ದದ್ದನ್ನು ಕೇಳಿದಳು.

"ತಿಂಗಳಾ ತಿಂಗಳಾ ಆ ಕೊಂಡಿಗಿ ಸಿಂಧೂರ ಬಳದ್ನಲ್ರಿ. ತಾಯಿ ಕೇಳಲಿಲ್ಲೇನು? ನಾ ಮಾಡಿದ ಪೂಜಿ ಎಲ್ಲಾ ಸುಳ್ಳಾತೇನು?"

ಎರಡೂವರೆ ವರ್ಷ ಒಳಗೆ ಹಿಡಿದಿಟ್ಟ ಮಾತು ಮಾಳಿಂಗಪ್ಪನ ನಾಲಿಗೆಯ ತುದಿಗೆ ಬಂತು. ಯಾರಾದರೂ ಒಬ್ಬರಿಗೆ ಹೇಳಿ ಹಗುರಾಗಬೇಕೆಂದು ಅವನು ಎಷ್ಟು ಹಂಬಲಿಸಿದ್ದ! ಹೇಳಬಹುದಾಗಿದ್ದ ಒಬ್ಬಳೇ ಒಬ್ಬಳು ಎದುರಿಗಿದ್ದಳು.

"ಸುಳ್ಳಾಗಿಲ್ಲ," ಎಂದ. "ಕೊಂಡಿ ಒಂದಿನಾನೂ ಕಳಚಲಿಲ್ಲ. ನಾ ಉಳದೇನಲ್ಲ."

ಅವಳು ತಲೆಯಾಡಿಸಿದಳು. ಎದ್ದು ದೇವಿಗೆ ಇನ್ನೊಮ್ಮೆ ಕೈಮುಗಿದು, ಮೆಟ್ಟಿಲ ಬಳಿಯಿದ್ದ ತನ್ನ ಬಟ್ಟೆಯ ಗಂಟನ್ನು ಅವನ ಕೈಗೆ ಕೊಟ್ಟಳು. ಇಬ್ಬರೂ ಅಫಜಲಪುರದ ಹಾದಿ ಹಿಡಿದರು. ಅವಳು ನಡುನಡುವೆ ತಮ್ಮನ ಮಾತು ಎತ್ತಿ ಅಳುತ್ತಿದ್ದಳು, ಅವನು ಹೂಂ ಅನ್ನುತ್ತಿದ್ದ. ಆ ಹೂಂ ಬಿಟ್ಟು ಬೇರೆ ಮಾತನ್ನು ಅವನು ಈ ವಿಷಯದಲ್ಲಿ ಸಾಯುವವರೆಗೂ ಆಡಲಿಲ್ಲ.