ಪಕ್ಕದ ಮನೆಯ ಟ್ರೆವರ್

ನನ್ನ ತಮ್ಮನ ಹೆಸರು ಕ್ಲಿಫರ್ಡ್. ಕ್ಲಿಫರ್ಡ್ ರಾಮ್ಸ್‌ಡೆನ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಮಹಾರಾಯ ಸಾಯುವವರೆಗೂ ತನ್ನ ಬೀದಿಯಲ್ಲಿ ಒಬ್ಬರಿಗೂ ಇದನ್ನು ಹೇಳಲಿಲ್ಲ. ಶೆಫೀಲ್ಡಿನಲ್ಲೇ ಹುಟ್ಟಿದ, ಇಲ್ಲಿಯ ಏರು ಇಳಿಜಾರುಗಳಲ್ಲೇ ಜೀವಮಾನವಿಡೀ ಬಸ್ಸು ಓಡಿಸಿದ, ಇಲ್ಲೇ ಬೂದಿಯಾದ. ಒಳ್ಳೆಯವನು. ಹಿಡಿದು ನಾಲ್ಕು ಬಾರಿಸಬೇಕು ಅನ್ನಿಸುವಷ್ಟು ಒಳ್ಳೆಯವನು.

ಯಾರಾದರೂ ತನ್ನ ಕಾಲು ತುಳಿದರೆ ತಾನೇ 'ಸಾರಿ' ಅನ್ನುವ ಜಾತಿ. ನಮ್ಮೂರಲ್ಲಿ ಎಲ್ಲರೂ ಅದೇ ಜಾತಿಯವರು, ಅದು ಬೇರೆ ಮಾತು. ಆದರೆ ಇವನು ಎಲ್ಲರನ್ನೂ ಮೀರಿಸಿದ್ದ. ಡಿಪೋ ಎದುರಿನ ಕೆಫೆಯಲ್ಲಿ ಒಂದು ಸಲ ಮೊಟ್ಟೆ ಕೇಳಿದರೆ ಮರೆತು ಲಿವರ್ ಹುರಿದು ತಂದಿಟ್ಟರು. ಲಿವರ್ ಕಂಡರೆ ಅವನಿಗೆ ಚಿಕ್ಕಂದಿನಿಂದಲೂ ವಾಕರಿಕೆ. ಆದರೂ ತಟ್ಟೆ ಖಾಲಿ ಮಾಡಿ, 'ಬಹಳ ಚೆನ್ನಾಗಿತ್ತು' ಅಂದು ಬಂದ. ಮಾರನೆಯ ದಿನದಿಂದ ಇವನು ಹೊಸ್ತಿಲು ದಾಟುವಷ್ಟರಲ್ಲಿ ಬಾಣಲೆಗೆ ಲಿವರ್ ಬೀಳತೊಡಗಿತು. ನಿವೃತ್ತಿಯಾಗುವವರೆಗೂ ತಿಂದ.

"ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಏನೋ ದಾಡಿ ನಿನಗೆ?" ಎಂದು ನಾನು ಕೂಗಾಡುತ್ತಿದ್ದೆ.

"ಪಾಪ ಕಣೇ ಅಕ್ಕ. ನನಗಿಷ್ಟ ಅಂತ ತೆಗೆದಿಟ್ಟಿರ್ತಾರೆ. ಈಗ ಹೇಳಿದ್ರೆ ಅವರಿಗೆ ಮುಜುಗರ."

ಮುಜುಗರ! ಈ ಊರಿನ ಜನ ಸಾವಿಗೂ ಅಷ್ಟು ಹೆದರುವುದಿಲ್ಲ, ಮುಜುಗರಕ್ಕೆ ಹೆದರುತ್ತಾರೆ. ಮಾತು ಬೆಳ್ಳಿ, ಮೌನ ಬಂಗಾರ ಎಂದ ಪುಣ್ಯಾತ್ಮ ನನ್ನ ತಮ್ಮನ ಜೊತೆ ಒಂದು ವಾರ ಇದ್ದು ನೋಡಬೇಕಿತ್ತು.

ಹೆಸರಿನ ಕಥೆಯೂ ಇಂಥದ್ದೇ. ಅವನು ಬೆಟ್ಟದ ಮೇಲಿನ ಆ ಸಾಲುಮನೆಗೆ ಬಾಡಿಗೆಗೆ ಬರುವ ಮುಂಚೆ ಟ್ರೆವರ್ ಅನ್ನುವವನೊಬ್ಬ ಬರುವುದೆಂದಾಗಿತ್ತು. ಮನೆಯ ಯಜಮಾನ ಪಕ್ಕದ ಮನೆಯ ವಿನ್ನಿಗೆ ಹಾಗೆಂದು ಹೇಳಿಯೂ ಇದ್ದ. ಆ ಟ್ರೆವರ್ ಮನಸ್ಸು ಬದಲಿಸಿದ, ನನ್ನ ತಮ್ಮ ಬಂದ. ಪೆಟ್ಟಿಗೆ ಇಳಿಸುತ್ತಿರುವಾಗಲೇ ವಿನ್ನಿ ಕೇಕಿನ ತಟ್ಟೆ ಹಿಡಿದುಕೊಂಡು ಬಂದಳು. ನಾನು ಅಲ್ಲೇ ಇದ್ದೆ.

"ನೀವು ಟ್ರೆವರ್ ತಾನೆ? ನಾನು ಪಕ್ಕದ್ಮನೆ ವಿನ್ನಿ. ತಗೊಳ್ಳಿ, ಬಿಸಿ ಇದೆ."

ಇವನ ಬಾಯಿ ತುಂಬ ಕೇಕು. ನುಂಗಿ ಬಾಯಿ ಬರಿದು ಮಾಡುವಷ್ಟರಲ್ಲಿ ಅವಳು ಎದುರು ಮನೆಯ ರೆಜಿನಾಲ್ಡನನ್ನು ಕೂಗಿ, "ಇವರೇ ನೋಡಿ ನಮ್ಮ ಹೊಸ ಟ್ರೆವರ್!" ಅಂದಾಗಿತ್ತು. ನಾನು ತುಟಿ ತೆರೆದೆ, ಇವನು ನನ್ನ ಮೊಣಕೈ ಚಿವುಟಿದ. ಆಮೇಲೆ ಹೇಳ್ತೀನಿ ಅಂದ. ಒಂದು ವಾರ ಕಳೆಯಿತು. ಒಂದು ಕ್ರಿಸ್ಮಸ್ ಕಳೆಯಿತು. ಬೀದಿಯವರೆಲ್ಲ 'ಪ್ರೀತಿಯ ಟ್ರೆವರ್‌ಗೆ' ಎಂದು ಕಾರ್ಡು ಹಾಕಿದರೆ ಇವನು 'ನಿಮ್ಮ ಟ್ರೆವರ್' ಎಂದು ಸಹಿ ಮಾಡಿ ಉತ್ತರ ಹಾಕಿದ. ಅದನ್ನು ಕಂಡ ದಿನ ನನಗೆ ಮೈಯೆಲ್ಲ ಉರಿದುಹೋಯಿತು.

"ಅಪ್ಪ ಅಮ್ಮ ಇಟ್ಟ ಹೆಸರು ಕಣೋ ಅದು! ನಾಳೆನೇ ಹೋಗಿ ನಾನೇ ಹೇಳ್ತೀನಿ."

"ಬೇಡ ಅಕ್ಕ. ಇಷ್ಟು ದಿನ ಆದ್ಮೇಲೆ ಹೇಳಿದ್ರೆ ವಿನ್ನಿ ನೆಲಕ್ಕೆ ಇಳಿದುಹೋಗ್ತಾಳೆ. ಹೇಳಲ್ಲ ಅಂತ ಮಾತು ಕೊಡು."

ಕೊಟ್ಟೆ. ಕೊಟ್ಟ ಬಾಯಿಗೆ ಹುಳ ಬೀಳಲಿ.

ಬೀದಿಯವರಿಗೆ ಟ್ರೆವರ್ ಎಂದರೆ ಪ್ರಾಣ. ಯಾಕಿರಬಾರದು? ಕಸದ ಗಾಡಿ ಬರುವ ದಿನ ಎಲ್ಲರ ಮನೆಯ ಕಸದ ಡಬ್ಬಿಯನ್ನೂ ಇವನೇ ಎಳೆದು ರಸ್ತೆಗೆ ತರುತ್ತಿದ್ದ, ಖಾಲಿಯಾದ ಮೇಲೆ ಇವನೇ ಒಳಗಿಡುತ್ತಿದ್ದ. ಹಿಮ ಬಿದ್ದರೆ ಬೀದಿಯ ತುದಿಯವರೆಗೂ ಸಲಿಕೆ ಹಿಡಿದು ದಾರಿ ಮಾಡುತ್ತಿದ್ದ. ಪ್ರತಿಯಾಗಿ ಅವನು ಏನನ್ನೂ ಕೇಳಿದವನಲ್ಲ. ಬಸ್ಸಿಳಿಯುವಾಗ ನಮ್ಮೂರ ಜನ ಡ್ರೈವರನ ಕಡೆ ತಿರುಗಿ 'ಥ್ಯಾಂಕ್ಸ್' ಅಂದೇ ಇಳಿಯುತ್ತಾರೆ. ಆ ಒಂದು ಮಾತಿನಿಂದಲೇ ಅವನಿಗೆ ಹೊಟ್ಟೆ ತುಂಬುತ್ತಿತ್ತು.

ಕೇಳಿದ್ದು ಒಂದೇ ಒಂದು. ಡಿಪೋದ ಗೆಳೆಯನೊಬ್ಬನ ಅಂತ್ಯಕ್ರಿಯೆಗೆ ಹೋಗಿ ಬಂದ ದಿನ ನನ್ನ ಅಡುಗೆಮನೆಯಲ್ಲಿ ಕೂತ. ಮುಂದಿಟ್ಟ ಚಹಾ ಆರಿಹೋಯಿತು. ನಮ್ಮ ಮನೆತನದಲ್ಲಿ ಚಹಾ ಆರಲು ಬಿಡುವುದೆಂದರೆ ದೊಡ್ಡ ವಿಷಯ.

"ಬೆಂಚೆಲ್ಲ ಖಾಲಿ ಅಕ್ಕ. ಪಾದ್ರಿ ಗೋಡೆಗೆ ಮಾತಾಡಿದ ಹಾಗಿತ್ತು. ನನಗೆ ಹೂವೂ ಬೇಡ, ಹಾಡೂ ಬೇಡ. ಬೆಂಚಲ್ಲಿ ನಾಲ್ಕು ಜನ ಕೂತಿದ್ರೆ ಸಾಕು."

"ನಿನ್ನ ಬೀದಿಗೆ ಬೀದಿನೇ ಬರತ್ತೆ, ಸುಮ್ನಿರೋ" ಅಂದೆ. ಹೆಂಡತಿ ಮಕ್ಕಳಿಲ್ಲದವನು, ನನ್ನನ್ನು ಬಿಟ್ಟರೆ ಅವನಿಗಿದ್ದದ್ದು ಆ ಬೀದಿಯೇ.

ಹೋದ ಚಳಿಗಾಲದಲ್ಲಿ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟ. ವಿನ್ನಿಯ ಬಾಗಿಲಿಗೆ ಹೋಗಿ ಹೇಳಿದೆ. ಸೆರಗಿಲ್ಲದ ಹೆಂಗಸು, ಏಪ್ರನ್ನಿನಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಗುರುವಾರ ಹನ್ನೊಂದು ಗಂಟೆಗೆ, ಚಿತಾಗಾರದಲ್ಲಿ ಎಂದೆ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಮಾತು ಕೊಟ್ಟಿದ್ದೆನಲ್ಲ, ಕಚ್ಚಿ ಹಿಡಿದೆ. ಹೇಗೂ ಅಲ್ಲಿಯ ಫಲಕದಲ್ಲಿ ಬರೆದಿರುತ್ತಾರೆ, ಓದಿಕೊಳ್ಳಲಿ, ಓದಿ ನಾಚಿಕೊಳ್ಳಲಿ ಎಂದುಕೊಂಡೆ.

ಗುರುವಾರ ಹನ್ನೊಂದಾಯಿತು. ಬಾಗಿಲು ಮುಚ್ಚಿದರು. ಒಳಗೆ ಪಾದ್ರಿ, ಕಪ್ಪು ಕೋಟಿನ ಸಿಬ್ಬಂದಿ, ನಾನು. ಬೆಂಚುಗಳೆಲ್ಲ ಖಾಲಿ. ಪಾದ್ರಿ ಏನು ಓದಿದನೋ ನನ್ನ ಕಿವಿಗೆ ಬೀಳಲಿಲ್ಲ. ನನ್ನೊಳಗೆ ಬೇರೆಯದೇ ಮಂತ್ರ ನಡೆದಿತ್ತು: ಅಯ್ಯೋ ಪಾಪಿಗಳಾ, ನಿಮ್ಮ ಕಸ ಎಳೆದವನು ಕಣ್ರೋ ಇವನು, ನಿಮ್ಮ ಮೆಟ್ಟಿಲಿನ ಹಿಮ ಗೋರಿದವನು, ಅರ್ಧ ಗಂಟೆ ಬಂದು ಕೂರಲಿಕ್ಕೆ ನಿಮಗೆ ಪುರುಸೊತ್ತಿಲ್ಲವೇ? ಶವಪೆಟ್ಟಿಗೆಯ ಮುಂದೆ ಪರದೆ ಎಳೆದರು. ಕಾರ್ಯ ಮುಗಿದವರು ಹೋಗುವ ಹಿಂಬಾಗಿಲಿನಿಂದ ನನ್ನನ್ನು ಹೊರಗೆ ಕಳಿಸಿದರು. ಸೀದಾ ಆ ಬೀದಿಗೆ ಹೋಗಿ ಒಂದೊಂದು ಬಾಗಿಲು ಬಡಿದು ಉಗಿಯುವುದೆಂದು ನಿರ್ಧರಿಸಿ ಕಟ್ಟಡ ಸುತ್ತಿಕೊಂಡು ಮುಂದೆ ಬಂದೆ.

ಬೀದಿಗೆ ಬೀದಿಯೇ ಅಲ್ಲಿ ನಿಂತಿತ್ತು. ಸಾಲಾಗಿ, ಬಸ್ಸಿಗೆ ಕಾಯುವಂತೆ, ಜಿಟಿಜಿಟಿ ಮಳೆಯಲ್ಲಿ ನೆನೆಯುತ್ತ. ಮುಂದೆ ವಿನ್ನಿ. ಅವಳ ಹಿಂದೆ ರೆಜಿನಾಲ್ಡ್, ಕೈಯಲ್ಲಿ ಬಿಳಿ ಸೇವಂತಿಗೆಯಲ್ಲಿ ಅಕ್ಷರ ಕಟ್ಟಿದ ಹಲಗೆ: ಟ್ರೆವರ್.

"ಈನಿಡ್, ಬಂದ್ರಾ? ಬಸ್ಸು ಒಂಚೂರು ತಡ ಆಯ್ತು," ಎಂದಳು ವಿನ್ನಿ ನನ್ನನ್ನು ಕಂಡು. "ಬಂದು ನೋಡಿದ್ರೆ ಬಾಗಿಲು ಹಾಕಿದೆ, ಒಳಗೆ ಯಾರೋ ಕ್ಲಿಫರ್ಡ್ ಅನ್ನೋರದು ನಡೀತಿದೆ. ಟ್ರೆವರ್ದು ಆಮೇಲಿರಬೇಕು ಅಂತ ನಿಂತಿದೀವಿ."

"ಯಾರನ್ನಾದ್ರೂ ಕೇಳಿದ್ರಾ?"

"ಛೆ ಛೆ," ಎಂದ ರೆಜಿನಾಲ್ಡ್. "ದುಃಖದಲ್ಲಿರೋರ ಹತ್ರ ಹೋಗಿ ಅದನ್ನೆಲ್ಲ ಕೇಳೋದಾ?"

ನನ್ನ ಧ್ವನಿ ಆ ಸ್ಮಶಾನದ ಕೊನೆಯ ಕಲ್ಲಿಗೂ ಕೇಳಿಸಿರಬೇಕು. "ಆ ಕ್ಲಿಫರ್ಡೇ ಕಣ್ರೀ ನನ್ನ ತಮ್ಮ! ಟ್ರೆವರ್ ಅನ್ನೋನು ಹುಟ್ಟೇ ಇಲ್ಲ ನಿಮ್ಮ ಬೀದೀಲಿ! ಮೊದಲ್ನೇ ದಿನ ನೀವು ತಪ್ಪು ಕರೆದ್ರಿ, ಅವನು ತಿದ್ದಲಿಲ್ಲ. ಮುಗೀತು ಅವನ ಕಾರ್ಯ, ಖಾಲಿ ಬೆಂಚಿನ ಮುಂದೆ ಮುಗೀತು!"

ವಿನ್ನಿಯ ಮುಖ ಸುಣ್ಣದಂತಾಯಿತು. "ಸಾರಿ" ಎಂದಳು. ರೆಜಿನಾಲ್ಡ್ "ಸಾರಿ" ಎಂದ. ಆ ದರಿದ್ರ ಪದ ಸಾಲಿನ ಕೊನೆಯವರೆಗೂ ಒಬ್ಬರಿಂದೊಬ್ಬರಿಗೆ ಹೋಯಿತು.

ನಾನು ಕಪ್ಪು ಕೋಟಿನವನ ಹತ್ತಿರ ಹೋದೆ. "ಬಾಗಿಲು ತೆಗೀರಿ."

"ಅಮ್ಮಾ, ಮುಂದಿನವರು ಬಂದಾಗಿದೆ. ಸರದಿ ಅಂತ ಒಂದು..."

"ನಿಮ್ಮ ಸರದಿಗಿಷ್ಟು ಬೆಂಕಿ ಹಾಕ! ತೆಗೀರಿ ಅಂದೆ!"

ನಮ್ಮೂರಲ್ಲಿ ಕೊಲೆ ಮಾಡಿದವನನ್ನು ಕ್ಷಮಿಸಿಯಾರು, ಸರದಿ ಮುರಿದವರನ್ನಲ್ಲ. ಎಲ್ಲರೂ ನೆಲ ನೋಡಿದರು. ಮುಂದಿನ ಶವದ ಗಾಡಿಯ ಪಕ್ಕ ನಿಂತಿದ್ದ ಮುದುಕ ಮಾತ್ರ ಹ್ಯಾಟು ತೆಗೆದು, "ಅವರು ಹೋಗ್ಲಿ ಬಿಡಿ, ನಮಗೇನೂ ಅವಸರ ಇಲ್ಲ" ಎಂದ. ಗಾಡಿಯಲ್ಲಿ ಮಲಗಿದ್ದವಳು ಅವನ ಹೆಂಡತಿ. ನನಗೆ ಅವನ ಮೇಲೂ ಸಿಟ್ಟು ಬಂತು.

ಬಾಗಿಲು ತೆರೆಯಿತು. ಒದ್ದೆ ಕೋಟುಗಳಲ್ಲೇ ಬಂದು ಕೂತರು. ಬೆಂಚು ಸಾಲಲಿಲ್ಲ, ಗೋಡೆಗೊರಗಿ ನಿಂತರು. ಯಾರಿಗೂ ಏನು ಮಾಡಬೇಕೆಂದು ತೋಚಲಿಲ್ಲ. ಪರದೆಯಾಚೆ ಅವನು, ಈಚೆ ಇವರು. ಸ್ವಲ್ಪ ಹೊತ್ತಿಗೆ ರೆಜಿನಾಲ್ಡ್ ಎದ್ದು, ಪರದೆಯ ಮುಂದೆ ನಿಂತು, ಕೆಮ್ಮಿ, "ಥ್ಯಾಂಕ್ಸ್, ಕ್ಲಿಫರ್ಡ್" ಎಂದು ಹೊರಗೆ ನಡೆದ. ಆಮೇಲೆ ಎಲ್ಲರೂ ಹಾಗೆಯೇ, ಬಸ್ಸಿಳಿಯುವವರ ಹಾಗೆ ಒಬ್ಬೊಬ್ಬರೇ ಪರದೆಯ ಕಡೆ ತಿರುಗಿ ಆ ಹೊಸ ಹೆಸರನ್ನು ಹೇಳಿ ಹೋದರು.

ಕೊನೆಗೆ ಉಳಿದವಳು ವಿನ್ನಿ. ಪರದೆಯ ಅಂಚನ್ನು ಮುಟ್ಟಿ, "ಥ್ಯಾಂಕ್ಸ್, ಟ್ರೆವರ್" ಎಂದಳು. ಎಂದವಳೇ ಬಾಯಿ ಮುಚ್ಚಿಕೊಂಡು, ಹೆದರಿ ನನ್ನ ಕಡೆ ನೋಡಿದಳು.

ನಾನೂ ತಿದ್ದಲಿಲ್ಲ. ಬದುಕಿದ್ದಿದ್ದರೆ ಆ ಹೆಸರಿಗೇ ಓಗೊಡುತ್ತಿದ್ದ. ನನ್ನ ಸಿಟ್ಟೆಲ್ಲ ಅದಕ್ಕೇ.