ಗ್ಯಾಸ್ ತುಂಬುವ ನಸ್ರುಲ್ಲಾ

ಶಿರಾದ ಹೆದ್ದಾರಿ ಬದಿಯಲ್ಲಿ ಕಾರುಗಳ ಏಸಿಗೆ ಗ್ಯಾಸ್ ತುಂಬುವ ನಸ್ರುಲ್ಲಾನಷ್ಟು ಪುಕ್ಕಲು ಮೆಕ್ಯಾನಿಕ್ ಸುತ್ತಿನ ತಾಲ್ಲೂಕುಗಳಲ್ಲೆಲ್ಲೂ ಸಿಗಲಿಕ್ಕಿಲ್ಲ. ಸಿಲಿಂಡರನ್ನು ಎಳೆಗೂಸಿನಂತೆ ಎತ್ತಿ ತಂದು ನೆರಳಲ್ಲಿ ಒದ್ದೆ ಗೋಣಿಚೀಲದ ಮೇಲೆ ಕೂರಿಸುತ್ತಾನೆ. ಕಾರಿನವರನ್ನೆಲ್ಲ ಹುಣಸೆಮರದಾಚೆಗೆ ಅಟ್ಟುತ್ತಾನೆ. ಪೈಪಿನ ಕೀಲುಗಳಿಗೆ ಸೋಪಿನ ನೊರೆ ಬಳಿದು, ಒಂದು ಗುಳ್ಳೆ ಎದ್ದರೂ ಸಾಕು, ಮಾರು ದೂರ ಹಾರುತ್ತಾನೆ. “ಏನ್ ಸಾಬ್ರೇ, ಹಾವು ಕಂಡಂಗಾಡ್ತೀರಲ್ಲ?” ಎಂದು ಪಾವಗಡದ ಮಿಲ್ ಸಾಹುಕಾರರ ಡ್ರೈವರ್ ಯತ್ತಪ್ಪ ನಗುತ್ತಾನೆ. “ಅರೆ ಭಾಯ್, ಹಾವು ಬುಸ್ ಅಂದು ಕಚ್ತದೆ. ಇದು ಅಷ್ಟೂ ಹೇಳಲ್ಲ.” “ಸಿಲಿಂಡರ್ ಮ್ಯಾಲೆ ಕುದಿಯೋ ನೀರು ಹುಯ್ದುಬುಡಿ, ಗ್ಯಾಸ್ ಬಿರ್ರನೆ ಇಳೀತದೆ.” “ಬೆಂಗ್ಳೂರಲ್ಲಿ ನಮ್ಮ ಮೇಸ್ತ್ರಿ ಅಂಗೇ ಹುಯ್ದ. ಪೈಪು ಸಿಡೀತು, ಹೋಗಿದ್ದು ನನ್ನ ಕಣ್ಣು.” ಆ ಎಡಗಣ್ಣು ಮತ್ತೆ ಬೆಳಕು ಕಾಣಲಿಲ್ಲ, ಉಳಿದಿರುವುದು ಬಲಗಣ್ಣೊಂದೇ. ಹಾಗಾಗಿ ವಾಲ್ವ್ ತಿರುಗಿಸುವ ಮುನ್ನ ಪ್ರತಿ ಸಲವೂ ಕಣ್ಣಿನ ರಕ್ಷಣೆಗೆ ಹಾಕಿಕೊಂಡ ದಪ್ಪ ಕನ್ನಡಕವನ್ನು ಹಣೆಗೇರಿಸಿ ಎದುರಿನ ತನ್ನ ಮನೆ ಬಾಗಿಲತ್ತ ನೋಡುತ್ತಾನೆ. ಅಲ್ಲಿ ಅಕ್ಕಿ ಆರಿಸುತ್ತ ಕೂತ ಹೆಂಡತಿ ಕರೀಮುನ್ನೀಸಾ ಕೈ ನಿಲ್ಲಿಸಿ, ಸೆರಗು ಹಿಂದೆ ಸರಿಸಿ, ಅವನು ಕಣ್ತುಂಬ ನೋಡಿ ಮುಗಿಸುವವರೆಗೂ ಮುಖವೆತ್ತಿಕೊಂಡೇ ಇರುತ್ತಾಳೆ.