ಎಲುಬಿಲ್ಲದ ಸಾರು

"ಮಾಂಸದ ರುಚಿ ಹೆಂಗಿರತೈತಿ ಅಂತ ನನಗೇನ್ ಗೊತ್ರಿ? ಹುಟ್ಟಿದಾಗಿಂದ ಕೊಳ್ಳಾಗ ಲಿಂಗ ಐತಿ. ಗೊತ್ತಿಲ್ಲದ ರುಚಿ ಮಾಡಾಕ ಕುಂತಿದ್ನಿ ನಾನು. ಮೊದಲಿಗೆ ಬದ್ನಿಕಾಯಿ ಸುಟ್ಟು ಮಾಡಿದ್ನಿ, ಅದು ಬದ್ನಿಕಾಯೇ ಆತು. ಅಣಬಿ ಹಾಕಿ ನೋಡಿದ್ನಿ, ಲೋಳಿ ಲೋಳಿ ಆತು. ಹರಪನಹಳ್ಳಿ ಸಂತ್ಯಾಗ ಎಳೀ ಹಲಸಿನಕಾಯಿ ಒಂದು ಸಿಕ್ತು. ಕೈಗೆ ಹತ್ತಿದ ಅಂಟು ಎರಡು ದಿನ ಹೋಗಲಿಲ್ಲ. ಬೇಯಿಸಿದ್ರ ನಾರು ನಾರಾಗಿ ಚಲೋನ ಇತ್ತು, ಮತ್ತ ಸಿಗಲಿಲ್ಲ. ಕಡೀಕ ಅಂಗಡಿಯವ ಮೀಲ್ ಮೇಕರ್ ಕೊಟ್ಟ. ಸೋಯಾದ್ದಂತ. ಒಣಗಿದ ಬೆಂಡಿನ ಚೂರಿನಂಗಿರತೈತಿ, ಉಪ್ಪು ಹಾಕಿದ ಬಿಸಿನೀರಾಗ ಬಿಟ್ರ ಉಬ್ಬತೈತಿ. ಹಿಂಡಬೇಕು, ತಣ್ಣೀರಾಗ ತೊಳೀಬೇಕು, ಮತ್ತ ಹಿಂಡಬೇಕು. ಇಲ್ಲಂದ್ರ ಹಸಿ ವಾಸ್ನಿ ಹೋಗಂಗಿಲ್ಲ. ಅದನ್ನ ನನಗ ಕಲಿಸಿದಾಕಿನೂ ಆಕೀನ."

ಹೀಗೆ ಹೇಳುವಾಗ ನಾಗಲಿಂಗಮ್ಮನ ಕೈ ಸುಮ್ಮನಿರುವುದಿಲ್ಲ. ಬರಿಗೈಯಲ್ಲೇ ಏನನ್ನೋ ಹಿಂಡುತ್ತಿರುತ್ತದೆ.

'ಆಕಿ' ಎಂದರೆ ಸೊಸೆ ಗೀತಮ್ಮ. ನಾಗಲಿಂಗಮ್ಮನ ಮಗ ಗುರುಶಾಂತ ಕೊಟ್ಟೂರಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟವನು. ಕೂಡ್ಲಿಗಿಯಿಂದ ಹೊಲಿಗೆ ಮಷೀನಿನ ಮೋಟಾರು ಹಿಡಿದುಕೊಂಡು ಅವನ ಅಂಗಡಿಗೆ ಬಂದಿದ್ದವಳು ಈ ಗೀತಮ್ಮ. ಮೋಟಾರು ಒಂದೇ ದಿನಕ್ಕೆ ರಿಪೇರಿಯಾದರೂ ಅವಳು ನಾಲ್ಕು ಸಲ ಬಂದಳು. ಅವರದು ಮಾಂಸ ತಿನ್ನುವ ಮನೆ. ನಾಗಲಿಂಗಮ್ಮ ಬಹಳ ಯೋಚಿಸಿ ಒಂದೇ ಮಾತು ಹೇಳಿದಳು: "ಲಿಂಗ ಕಟ್ಟಿಸಿಕೊಳ್ಳಲಿ. ಮುಂದ ಅದನ್ನ ಮುಟ್ಟಬಾರ್ದು. ಇಷ್ಟಕ್ಕ ಒಪ್ಪಿದ್ರ ನನ್ನ ಸೊಸಿ." ಗೀತಮ್ಮ ಒಪ್ಪಿದಳು. ಮದುವೆಯ ಹಿಂದಿನ ದಿನ ಮಠದ ಅಯ್ಯನವರು ಬಂದು ದೀಕ್ಷೆ ಕೊಟ್ಟರು.

ಸೊಸೆ ಒಳ್ಳೆಯವಳೇ. ಆದರೆ ತವರಿಗೆ ಹೋದಾಗ ತಿಂದೇ ತಿನ್ನುತ್ತಾಳೆ ಎಂಬುದು ನಾಗಲಿಂಗಮ್ಮನ ಮನಸ್ಸಿನಲ್ಲಿ ಕುಳಿತುಬಿಟ್ಟಿತ್ತು. ಕಣ್ಣಾರೆ ಕಂಡದ್ದಿಲ್ಲ, ಬಾಯಿಬಿಟ್ಟು ಕೇಳಿದ್ದಿಲ್ಲ. ಗೀತಮ್ಮ ಕೂಡ್ಲಿಗಿಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಬಚ್ಚಲಲ್ಲಿ ಬಿಸಿನೀರು ಕಾದಿರುತ್ತಿತ್ತು. "ತಲಿ ಮ್ಯಾಲ ನೀರು ಹಾಕ್ಕೊಂಡು, ವಿಭೂತಿ ಹಚ್ಕೊಂಡು ಒಳಗ ಬಾ" ಎನ್ನುತ್ತಿದ್ದಳು. ಆರು ವರ್ಷ ಗೀತಮ್ಮ ಹಾಗೇ ಮಾಡಿದಳು. ಯಾಕೆ ಎಂದು ಕೇಳಲಿಲ್ಲ.

ಕಳೆದ ವರ್ಷ ಅವಳ ಹೊಟ್ಟೆಯಲ್ಲಿ ಗಂಟು ಕಂಡಿತು. ದಾವಣಗೆರೆಯಲ್ಲಿ ಎಂಟು ತಿಂಗಳು ಔಷಧವಾಯಿತು. ಕೊನೆಗೆ ಡಾಕ್ಟರು ಗುರುಶಾಂತನನ್ನು ಹೊರಗೆ ಕರೆದು, ಮನೆಗೆ ಕರೆದುಕೊಂಡು ಹೋಗಿ, ಬಾಯಿ ಬೇಡಿದ್ದು ಕೊಡಿ ಎಂದುಬಿಟ್ಟರು.

ಒಂದು ಮಧ್ಯಾಹ್ನ ಗೀತಮ್ಮ ಗಂಜಿಯ ಬಟ್ಟಲು ಪಕ್ಕಕ್ಕೆ ಸರಿಸಿದಳು. "ಅತ್ತಿ, ಯಾವುದೂ ಬಾಯಿಗೆ ಹತ್ತವಲ್ದು. ನಮ್ಮವ್ವನ ಕೈ ಸಾರು ಒಂದೀಟು ಉಣಬೇಕು ಅನ್ನಸ್ತೈತಿ."

ನಾಗಲಿಂಗಮ್ಮನಿಗೆ ಇಷ್ಟು ವರ್ಷ ಅಂದುಕೊಂಡದ್ದು ಇವತ್ತು ಸೊಸೆಯ ಬಾಯಿಂದಲೇ ಬಂತು ಅನ್ನಿಸಿತು. "ಆ ಸಾರು ಈ ಮನೀ ಹೊಸ್ತಿಲ ದಾಟಂಗಿಲ್ಲವಾ. ಲಿಂಗ ಕಟ್ಟಿಸಿಕೊಂಡಾಗ ಏನ್ ಅಂದಿದ್ದಿ, ನೆನಪೈತಿಲ್ಲ?"

ಗೀತಮ್ಮ ಏನೋ ಹೇಳಲು ಬಾಯಿ ತೆರೆದಳು. ಅತ್ತೆಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು.

ಆಡಿದ ಮಾತು ನಾಗಲಿಂಗಮ್ಮನನ್ನೂ ಬಿಡಲಿಲ್ಲ. ಸಾಯುವ ಜೀವ ಬೇಡಿದ್ದಕ್ಕೆ ಇಲ್ಲವೆಂದಿದ್ದಳು. ಮಾಂಸ ತರುವುದಕ್ಕಾಗುವುದಿಲ್ಲ, ಅಂಥದ್ದೇ ರುಚಿಯನ್ನಾದರೂ ಮಾಡಿಕೊಡುತ್ತೇನೆ ಎಂದು ಹಟ ತೊಟ್ಟಳು. ಬದನೆ, ಅಣಬೆ, ಹಲಸು ಮುಗಿದು ಮೀಲ್ ಮೇಕರಿಗೆ ಬಂದಳು. ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟಳು. ಒಣಕೊಬ್ಬರಿ, ಧನಿಯಾ, ಗಸಗಸೆ, ಲವಂಗ ಹುರಿದು ಅರೆದಳು.

ಮೊದಲ ದಿನದ ಸಾರನ್ನು ಎರಡು ತುತ್ತು ಉಂಡ ಗೀತಮ್ಮ, "ಚಲೋ ಆಗೇತ್ರಿ ಅತ್ತಿ. ನಾಳೆ ಇನ್ನೊಂದು ಸಲ ಹಿಂಡ್ರಿ, ಹಸಿ ವಾಸ್ನಿ ಹೋಗತೈತಿ" ಎಂದಳು.

"ನಿನಗ್ಯಾರ್ ಹೇಳಿದ್ರು?"

"ನಮ್ಮವ್ವ."

ನಾಗಲಿಂಗಮ್ಮ ಅದನ್ನು ಅಲ್ಲಿಗೇ ಬಿಟ್ಟಳು. ಅವಳ ಚಿಂತೆ ಬೇರೆ ಇತ್ತು. "ಅದರಂಗ ಆಗೇತೇನು?"

ಗೀತಮ್ಮ ನಕ್ಕಳು. "ಎಲುವು ಇಲ್ಲಲ್ರಿ ಇದಕ."

ಮರುದಿನ ನಾಗಲಿಂಗಮ್ಮ ಅದೇ ಸಾರಿಗೆ ನುಗ್ಗೆಕಾಯಿ ಹಾಕಿದಳು. ಬೆರಳುದ್ದದ ತುಂಡುಗಳನ್ನು ತಟ್ಟೆಯ ಅಂಚಿಗೆ ಜೋಡಿಸಿ, "ತಗೋ, ಎಲುವು. ಸೀಪು" ಎಂದಳು. ಗೀತಮ್ಮ ಒಂದು ತುಂಡು ಬಾಯಿಗಿಟ್ಟುಕೊಂಡು ನಗತೊಡಗಿದಳು, ನಗುತ್ತಾ ಕೆಮ್ಮಿದಳು. ಬೆನ್ನು ನೀವುತ್ತಾ ನಾಗಲಿಂಗಮ್ಮನೂ ನಕ್ಕಳು. ಕಾಯಿಲೆ ಬಂದಮೇಲೆ ಆ ಮನೆಯಲ್ಲಿ ಇಬ್ಬರೂ ಕೂಡಿ ನಕ್ಕದ್ದು ಅದೊಂದೇ ದಿನ.

ಅದೇ ವಾರ ಪಕ್ಕದ ಮನೆಯ ತಿಪ್ಪೇರುದ್ರಮ್ಮ ಹಿತ್ತಲ ಗೋಡೆಯ ಮೇಲಿಂದ ಮೂಗು ತೂರಿಸಿದಳು. "ಏನ್ ನಾಗಲಿಂಗಿ, ಬಾಡಿನ ವಾಸ್ನಿ ಬರಾಕತ್ತೈತಿ? ಸೊಸಿ ನಿನಗೂ ಕಲಿಸಿಬಿಟ್ಳಾ ಹೆಂಗ?"

"ಬಂದು ಗಡಗಿ ನೋಡು ಬಾ. ಮೀಲ್ ಮೇಕರ್ ಅದು."

"ಆತು ಬಿಡವಾ. ನೀ ಹೇಳಿದಮ್ಯಾಲ ಅದಾ ಇರಬೇಕು."

ಆ ದನಿಗೆ ನಾಗಲಿಂಗಮ್ಮನ ಮೈ ಉರಿಯಿತು. ಒಳಗೆ ಬಂದು ಸೊಸೆಯ ಮಂಚದ ಬಳಿ ಕುಕ್ಕರಿಸಿದಳು. "ಮಾಡದ ತಪ್ಪು ಹೊರಿಸ್ತಾಳ ನೋಡು. ಆಕಿ ಕಣ್ಣಿಲೆ ನೋಡಿಲ್ಲ, ನಾ ಮಾಡಿಲ್ಲ, ಬರೇ ಅನುಮಾನ."

"ಹೌದ್ರಿ ಅತ್ತಿ" ಎಂದಳು ಗೀತಮ್ಮ. "ಭಾಳ ಬ್ಯಾನಿ ಆಗತೈತಿ ಅದು."

ಹದಿನೈದು ದಿನಕ್ಕೆ ತುತ್ತು ಎರಡರಿಂದ ಒಂದಕ್ಕೆ ಇಳಿಯಿತು. ನಾಗಲಿಂಗಮ್ಮ ಸೋತಳು. ಲಿಂಗವನ್ನು ಕಣ್ಣಿಗೊತ್ತಿಕೊಂಡು, ಈ ಪಾಪ ನನಗಿರಲಿ ಎಂದು ಹೇಳಿಕೊಂಡು, ಗೀತಮ್ಮನ ತಾಯಿ ಚೌಡಕ್ಕನಿಗೆ ಫೋನು ಮಾಡಿದಳು.

"ಬೀಗ್ತಿ, ನಿಮ್ಮ ಸಾರು ಕೇಳ್ಯಾಳ ಮಗಳು. ಮಾಡಿಕೊಂಡು ಬರ್ರಿ. ನಾನು ಹೂಂ ಅಂದೀನಿ."

"ಸಾರು ತರಾಕ ಇಷ್ಟು ದೊಡ್ಡ ಮಾತ್ಯಾಕ್ರಿ? ನಾಳೆ ಮೊದಲ ಬಸ್ಸಿಗೆ ಬರ್ತೀನಿ."

ಚೌಡಕ್ಕ ಬಂದಾಗ ಗೀತಮ್ಮನ ಗಂಟಲಲ್ಲಿ ನೀರೂ ಇಳಿಯುತ್ತಿರಲಿಲ್ಲ. ಕಣ್ಣು ಅರ್ಧ ಮುಚ್ಚಿದ್ದವು. ಚೌಡಕ್ಕ ಮಂಚದ ಪಕ್ಕ ಕೂತು ಡಬ್ಬಿ ಬಿಚ್ಚಿದಳು. ನಾಗಲಿಂಗಮ್ಮ ಮೂಗಿಗೆ ಸೆರಗು ಹಿಡಿದು ದೂರ ನಿಂತಿದ್ದವಳು, ತಡೆಯಲಾರದೆ ಬಗ್ಗಿ ನೋಡಿದಳು. ತಾನು ದಿನಾ ಹಿಂಡಿ ಹಿಂಡಿ ಹಾಕುತ್ತಿದ್ದ ಅವೇ ಚೂರುಗಳು.

"ಇದು ಮೀಲ್ ಮೇಕರ್ ಅಲ್ಲೇನ್ರಿ? ನಾನು ಹೂಂ ಅಂದಿದ್ನೆಲ್ಲ, ಮಾಂಸದ್ದು ತರಬೇಕಿತ್ತು."

ಚೌಡಕ್ಕ ತಲೆ ಎತ್ತಿದಳು. "ಮಾಂಸದ್ದಾ? ಲಿಂಗ ಕಟ್ಟಿಸಿಕೊಂಡಾಗಿಂದ ಆಕಿ ನಮ್ಮ ಮನ್ಯಾಗೂ ಮುಟ್ಟಿಲ್ರಿ. ನಾನಾ ಬೈತಿದ್ನಿ, ಇಲ್ಲಿ ಯಾರು ನೋಡ್ತಾರ, ತಿನ್ನಲೇ ಅಂತ. ಅತ್ತಿಗೆ ಮಾತು ಕೊಟ್ಟೀನಿ ಅಂತಿದ್ಲು. ಆಕೀಗಂತನ ಬ್ಯಾರೆ ಗಡಗಿ ತಂದಿಟ್ಟೀನಿ. ಆರು ವರ್ಷ ಬಂದಾಗೆಲ್ಲ ಇದನ್ನ ಮಾಡಿ ಹಾಕೀನಿ. ಈ ಸಾರು ಕಂಡ್ರ ಪ್ರಾಣ ಆಕೀಗೆ. ನಿಮಗ ಹೇಳಿಲ್ಲೇನು?"

ಆ ದಿನ ಗೀತಮ್ಮ ಗಂಜಿಯ ಬಟ್ಟಲು ಸರಿಸಿ ಕೇಳಿದ್ದು ಇಷ್ಟನ್ನೇ. ಅಂಗಡಿಯಲ್ಲಿ ಸಿಗುವ ಚೂರು, ಇಪ್ಪತ್ತು ಮೈಲಿಯೂ ಇಲ್ಲದ ಊರು, ಹೆತ್ತವಳ ಕೈ. ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬಾಯಿ ತೆರೆದವಳು ಯಾಕೆ ಹೇಳದೆ ತಿರುಗಿ ಮಲಗಿದಳು ಎಂಬುದೂ ನಾಗಲಿಂಗಮ್ಮನಿಗೆ ಈಗ ತಿಳಿಯಿತು. ಆರು ವರ್ಷ ಬಿಸಿನೀರು ಯಾಕೆ ಕಾದಿರುತ್ತಿತ್ತು ಎಂದು ಗೀತಮ್ಮನಿಗೆ ಅವತ್ತು ಗೊತ್ತಾಗಿತ್ತು.

ಚೌಡಕ್ಕ ಬೆರಳನ್ನು ಸಾರಿಗೆ ಅದ್ದಿ ಮಗಳ ತುಟಿಗೆ ಹಚ್ಚಿದಳು. ಅದು ಬಾಯಿಯ ಮೂಲೆಯಿಂದ ಹೊರಗೆ ಹರಿಯಿತು. ನಾಗಲಿಂಗಮ್ಮ ಮೂಗಿಗೆ ಹಿಡಿದಿದ್ದ ಸೆರಗಿನಿಂದಲೇ ಒರೆಸಿದಳು. ಕಿವಿಯ ಹತ್ತಿರ ಬಗ್ಗಿ, "ಗೀತಾ, ನಂದು ತಪ್ಪಾತವಾ" ಎಂದಳು. ಇನ್ನೊಂದು ಸಲ ಎಂದಳು. ರೆಪ್ಪೆ ಅಲುಗಲಿಲ್ಲ.

ಎರಡು ದಿನ ಕಳೆದು ಗೀತಮ್ಮ ಹೋದಳು. ಮಣ್ಣು ಮಾಡುವಾಗ ಅವಳ ಅಂಗೈಯಲ್ಲಿ ಲಿಂಗವಿಟ್ಟರು. ಬೆರಳು ಮಡಚುತ್ತಿರಲಿಲ್ಲ. ನಾಗಲಿಂಗಮ್ಮನೇ ಒಂದೊಂದಾಗಿ ಮಡಚಿದಳು.

ಹನ್ನೊಂದನೆಯ ದಿನದ ಕಾರ್ಯ ಮುಗಿದು ಬೀಗರು ಹೋದ ಮೇಲೆ ಅವಳು ಮಗನಿಗೆ ಎಲ್ಲವನ್ನೂ ಹೇಳಿದಳು. ಬೈಯಲಿ ಎಂದೇ ಹೇಳಿದಳು.

"ನಾನೂ ಹಂಗಾ ತಿಳಕಂಡಿದ್ನೆವ್ವಾ" ಎಂದ ಗುರುಶಾಂತ. "ನಾನೂ ಕೇಳಲಿಲ್ಲ."

ಮರುದಿನ ಅವನು ಅಂಗಡಿ ತೆರೆಯಬೇಕಿತ್ತು. ಬೆಳಗ್ಗೆ ನಾಗಲಿಂಗಮ್ಮ ಒಲೆ ಹೊತ್ತಿಸಿ ಎಸರಿಟ್ಟಳು. ಜೋಳದ ಹಿಟ್ಟು ಜರಡಿ ಹಿಡಿದು, ಕುದಿಯುವ ನೀರು ಸುರಿದು, ಸುಡುತ್ತಿದ್ದಂತೆಯೇ ನಾದಿದಳು. ಒಂದು ಉಂಡೆ ಮುರಿದು, ಒಣಹಿಟ್ಟು ಉದುರಿಸಿ, ಮಣೆಯ ಮೇಲೆ ರೊಟ್ಟಿ ಬಡಿಯತೊಡಗಿದಳು. ಹೆಂಚು ಕಾದಿತ್ತು. ರೊಟ್ಟಿಯನ್ನು ಅದರ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಮೇಲೆಲ್ಲ ನೀರು ಸವರಿದಳು.